ಏಳು ಸೀಟಿನ ಗಾಡಿ: ಪೆಟ್ರೋಲಾ, ಡೀಸೆಲ್ಲಾ?

ಪ್ರಶ್ನೆ: ನಮಸ್ಕಾರ ಸಾರ್. ನಾನು ಅರಸೀಕೆರೆ ಕಡೆ ಹೈಸ್ಕೂಲ್ ಟೀಚರ್. ಮನೇಲಿ ಅತ್ತೆ, ಮಾವ, ನಾವಿಬ್ರು, ಮೂರು ಮಕ್ಕಳು, ಒಟ್ಟು ಏಳು ಜನ. ಈಗಿರೋ ಚಿಕ್ಕ ಕಾರಲ್ಲಿ ಯಾರಾದ್ರೂ ಒಬ್ರು ಮನೇಲೇ ಉಳಿಬೇಕು, ಯಾವಾಗ್ಲೂ ಉಳಿಯೋದು ಅತ್ತೇನೇ, ಅದು ನನಗೆ ಬೇಜಾರು. ಅದಕ್ಕೇ ದೊಡ್ಡ ಗಾಡಿ ನೋಡ್ತಿದೀವಿ. ದಿನಾ ಸ್ಕೂಲಿಗೆ ಹೋಗಿ ಬರೋದು ಎಂಟು ಕಿಲೋಮೀಟರ್, ಆಮೇಲೆ ಸಂತೆ, ಆಸ್ಪತ್ರೆ, ತಿಂಗಳಿಗೊಂದ್ಸಲ ತುಮಕೂರಿಗೆ ತವರುಮನೆ, ವರ್ಷಕ್ಕೆ ಮೂರ್ನಾಲ್ಕು ಸಲ ಧರ್ಮಸ್ಥಳ, ಶೃಂಗೇರಿ. ಎಲ್ಲಾ ಸೇರಿ ತಿಂಗಳಿಗೆ 700 ಕಿಲೋಮೀಟರ್ ಆಗಬಹುದು. ನಮ್ಮ ಮೈದುನ ಏಳು ಜನ ಕೂತ್ರೆ ಪೆಟ್ರೋಲ್ ಗಾಡಿ ಘಾಟಿ ಹತ್ತಲ್ಲ, ಡೀಸೆಲ್ಲೇ ತಗೊಳ್ಳಿ ಅಂತಾನೆ. ನಮ್ಮೆಜಮಾನ್ರಿಗೆ ಮಾರುತಿ ಎರ್ಟಿಗಾ ಇಷ್ಟ, ಆದ್ರೆ ಅದರಲ್ಲಿ ಈಗ ಡೀಸೆಲ್ ಇಲ್ವಂತೆ. ಏನು ಮಾಡೋದು?

ಉತ್ತರ: ಮೇಡಂ, ನೀವು ತಿಂಗಳ ಕಿಲೋಮೀಟರ್ ಬರೆದು ಕಳಿಸಿದ್ರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ತುಂಬಾ ಜನ ಗಾಡಿ ಹೆಸರು ಬರೀತಾರೆ, ಬಜೆಟ್ ಬರೀತಾರೆ, ಎಷ್ಟು ಓಡಿಸ್ತೀವಿ ಹೇಗೆ ಓಡಿಸ್ತೀವಿ ಅಂತ ಮಾತ್ರ ಬರೆಯಲ್ಲ. ನಿಮ್ಮ ಓಡಾಟಕ್ಕೆ ಪೆಟ್ರೋಲೇ ಸರಿ ಅನ್ನೋದು ನನ್ನ ಅಭಿಪ್ರಾಯ, ಯಾಕೆ ಅಂತ ಹೇಳ್ತೀನಿ.

ಮೊದಲು ನಿಮ್ಮ ಮೈದುನರ ಮಾತು. ಅವರು ಸುಮ್ಮನೆ ಹೇಳ್ತಿಲ್ಲ, ಆ ನಂಬಿಕೆ ಹುಟ್ಟಿದ ಕಾಲದಲ್ಲಿ ಅದು ನಿಜಾನೇ ಆಗಿತ್ತು. 2005ರಲ್ಲಿ ನಮ್ಮ ಬಿಡದಿಯಿಂದಲೇ ಇನ್ನೋವಾ ಬಂತು, ಮನೆ ಮಂದಿ ಎಲ್ಲಾ ಒಂದೇ ಗಾಡೀಲಿ ಹೋಗಬಹುದು ಅನ್ನೋ ಆಸೆ ಎಷ್ಟೋ ಜನಕ್ಕೆ ಹತ್ತಿಸಿದ್ದು ಆ ಡೀಸೆಲ್ ಗಾಡೀನೇ. ಆಗ ಡೀಸೆಲ್ ಬೆಲೆ ಸರ್ಕಾರದ ಹಿಡಿತದಲ್ಲಿತ್ತು, 2012ರ ಹೊತ್ತಿಗೆ ಪೆಟ್ರೋಲಿಗೂ ಡೀಸೆಲ್ಲಿಗೂ ಲೀಟರಿಗೆ 30 ರೂಪಾಯಿಯಷ್ಟು ವ್ಯತ್ಯಾಸ, ಹಾಗಿದ್ದಾಗ ಯಾರು ಪೆಟ್ರೋಲ್ ತಗೋತಾರೆ ಹೇಳಿ. 2014ರ ಅಕ್ಟೋಬರಲ್ಲಿ ಆ ಹಿಡಿತ ಬಿಟ್ರು, ಅಲ್ಲಿಂದ ಅಂತರ ಕಡಿಮೆಯಾಯ್ತು. ನಮ್ಮ ರಾಜ್ಯದಲ್ಲಿ 2024ರ ಜೂನಲ್ಲಿ ಎರಡರ ಮೇಲೂ ಮಾರಾಟ ತೆರಿಗೆ ಏರಿಸಿದ್ರು, 2025ರ ಏಪ್ರಿಲಲ್ಲಿ ಡೀಸೆಲ್ ಮೇಲೆ ಮಾತ್ರ ಇನ್ನೊಂದು ಸಲ ಏರಿತು. ಆ ಏರಿಕೆ ಆದಮೇಲೆ ಬೆಂಗಳೂರಲ್ಲಿ ಪೆಟ್ರೋಲ್ ಸುಮಾರು 103, ಡೀಸೆಲ್ ಸುಮಾರು 91. ಅಂದ್ರೆ 12 ರೂಪಾಯಿ ಅಂತರ ಅಷ್ಟೇ.

ಈಗ ಪೆನ್ನು ಪೇಪರ್ ತಗೊಳ್ಳಿ. ತಿಂಗಳಿಗೆ 700 ಅಂದ್ರೆ ವರ್ಷಕ್ಕೆ 8,400 ಕಿಲೋಮೀಟರ್. ಕಂಪನಿ ಹೇಳೋ ಮೈಲೇಜ್ ಬಿಡಿ, ಊರೊಳಗೆ ನಿಂತು ನಿಂತು ಓಡಿಸಿ, ಎ.ಸಿ. ಹಾಕ್ಕೊಂಡು, ಜನ ತುಂಬ್ಕೊಂಡು ಹೋದ್ರೆ ಪೆಟ್ರೋಲಿಗೆ 14, ಡೀಸೆಲ್ಲಿಗೆ 17 ಅಂತ ಇಟ್ಕೊಳ್ಳಿ. ಪೆಟ್ರೋಲ್ 600 ಲೀಟರ್, 61,800 ರೂಪಾಯಿ. ಡೀಸೆಲ್ 494 ಲೀಟರ್, ಹೆಚ್ಚುಕಮ್ಮಿ 45,000. ವರ್ಷಕ್ಕೆ ಉಳಿಯೋದು 17,000ದ ಹತ್ತಿರ. ಒಂದೇ ಗಾಡಿಯ ಪೆಟ್ರೋಲ್ ಮಾಡೆಲ್ಲಿಗೂ ಡೀಸೆಲ್ ಮಾಡೆಲ್ಲಿಗೂ ರೋಡ್ ಟ್ಯಾಕ್ಸ್, ಇನ್ಶೂರೆನ್ಸ್ ಎಲ್ಲಾ ಸೇರಿದ ಆನ್‌ರೋಡ್ ಬೆಲೇಲಿ ಒಂದೂಮುಕ್ಕಾಲು ಲಕ್ಷ ವ್ಯತ್ಯಾಸ ಅಂತ ಹಿಡಿದ್ರೆ ಆ ದುಡ್ಡು ವಾಪಸ್ ಬರೋಕೆ ಹತ್ತು ವರ್ಷಕ್ಕಿಂತ ಜಾಸ್ತಿ ಬೇಕು. ಸಾಲ ಮಾಡಿದ್ರೆ ಆ ಒಂದೂಮುಕ್ಕಾಲು ಲಕ್ಷಕ್ಕೂ ಬಡ್ಡಿ ಕಟ್ತೀರಿ. ಇನ್ನೊಂದು, ನಮ್ಮಲ್ಲಿ 10ರಿಂದ 20 ಲಕ್ಷದ ಕಾರಿಗೆ ರೋಡ್ ಟ್ಯಾಕ್ಸ್ ನೂರಕ್ಕೆ 17, ಅದರ ಮೇಲೆ ಸೆಸ್ ಬೇರೆ, ಹಾಗಾಗಿ ಎಕ್ಸ್ ಶೋರೂಂ ಬೆಲೆ, ಅಂದ್ರೆ ಇವೆಲ್ಲ ಸೇರೋಕೆ ಮುಂಚಿನ ಬೆಲೆ, ಏರಿದಷ್ಟೂ ಟ್ಯಾಕ್ಸೂ ಏರುತ್ತೆ. ಶೋರೂಂನವರು ಎಕ್ಸ್ ಶೋರೂಂ ವ್ಯತ್ಯಾಸ ಮಾತ್ರ ಹೇಳಿದ್ರೆ ಒಪ್ಕೋಬೇಡಿ, ಎರಡಕ್ಕೂ ಆನ್‌ರೋಡ್ ಬರೆದು ಕೊಡಿ ಅಂತ ಕೇಳಿ.

ದುಡ್ಡಿನ ಮಾತು ಹಾಗಿರಲಿ, ನನಗೆ ಅದಕ್ಕಿಂತ ಹೆದರಿಕೆ ನಿಮ್ಮ ಎಂಟು ಕಿಲೋಮೀಟರಿಂದು, ಅಂದ್ರೆ ಹೋಗೋಕೆ ನಾಲ್ಕು ಬರೋಕೆ ನಾಲ್ಕು. 2020ರ ಏಪ್ರಿಲಿಂದ ಬಿಎಸ್6 ಅನ್ನೋ ಹೊಗೆ ನಿಯಮ ಬಂದಮೇಲೆ ಡೀಸೆಲ್ ಕಾರುಗಳ ಹೊಗೆ ಕೊಳವೇಲಿ ಡಿಪಿಎಫ್ ಅಂತ ಒಂದು ಫಿಲ್ಟರ್ ಇರುತ್ತೆ, ಹೊಗೇಲಿರೋ ಮಸಿ ಹಿಡ್ಕೊಳ್ಳೋದು ಅದರ ಕೆಲಸ. ಹಿಡ್ಕೊಂಡ ಮಸೀನ ಆಗಾಗ ಸುಟ್ಟು ಖಾಲಿ ಮಾಡ್ಬೇಕು, ಸುಡೋಕೆ 600 ಡಿಗ್ರಿ ಹತ್ತಿರ ಬಿಸಿ ಬೇಕು, ಆ ಬಿಸಿ ಬರೋಕೆ ಗಾಡಿ ಹೈವೇ ಥರದ ರಸ್ತೇಲಿ ಒಂದೇ ಸಮ ಹದಿನೈದು ಇಪ್ಪತ್ತು ನಿಮಿಷ ಓಡ್ಬೇಕು. ನಾಲ್ಕು ಕಿಲೋಮೀಟರಲ್ಲಿ ಎಂಜಿನ್ನೇ ಸರಿಯಾಗಿ ಬಿಸಿ ಆಗಿರಲ್ಲ, ಅಷ್ಟರಲ್ಲಿ ಸ್ಕೂಲ್ ಗೇಟ್ ಬಂತು, ಆಫ್. ಸಾಯಂಕಾಲ ಮತ್ತೆ ಹಂಗೇ. ಸುಡೋಕೆ ಅಂತ ಎಂಜಿನ್ ತಾನಾಗಿ ಹೆಚ್ಚು ಡೀಸೆಲ್ ಹಾಕಿರುತ್ತೆ, ಮಧ್ಯದಲ್ಲೇ ಆಫ್ ಮಾಡ್ತಾ ಹೋದ್ರೆ ಅದು ಎಂಜಿನ್ ಆಯಿಲ್ ಜೊತೆ ಸೇರ್ಕೊಳ್ಳೋದೂ ಉಂಟು. ನಮ್ಮಣ್ಣನಿಗೇ ಇದಾಯ್ತು. ಮನೆಯಿಂದ ಆಫೀಸಿಗೆ ನಾಲ್ಕೇ ಕಿಲೋಮೀಟರ್, ಆದ್ರೂ ಡೀಸೆಲ್ ಗಾಡಿ ಗಟ್ಟಿ ಅಂತ ತಗೊಂಡ್ರು, ವರ್ಷದೊಳಗೆ ಎರಡು ಸಲ ಡಿಪಿಎಫ್ ತುಂಬಿದೆ ಅಂತ ಎಚ್ಚರಿಸೋ ಲೈಟ್ ಬಂತು, ಎರಡನೇ ಸಲ ಗಾಡಿ ಪಿಕಪ್ಪೇ ಬಿಟ್ಟುಬಿಡ್ತು, ವರ್ಕ್‌ಶಾಪಲ್ಲಿ ಕಂಪ್ಯೂಟರ್ ಹಾಕಿ ಬಲವಂತವಾಗಿ ಸುಡಿಸಿ ಆಯಿಲ್ ಬದಲಾಯಿಸಿ ಕೊಟ್ರು. ತಗೊಳ್ಳುವಾಗ ಒಬ್ಬರೂ ಇದರ ಬಗ್ಗೆ ಹೇಳಿರಲಿಲ್ಲ. ಅದಕ್ಕೇ ಈ ವಿಷಯ ಇಷ್ಟು ಉದ್ದ ಬರೀತಿದೀನಿ, ನಿಮಗಾದ್ರೂ ಮೊದಲೇ ಗೊತ್ತಿರಲಿ.

ಇನ್ನು ಘಾಟಿ. ಎರ್ಟಿಗಾ 1.5 ಲೀಟರ್ ಪೆಟ್ರೋಲ್ ಎಂಜಿನ್ನಿನ ಪೂರ್ತಿ ಎಳೆತ, ಅಂದ್ರೆ ಟಾರ್ಕು, 140 ಎನ್ಎಂ ಹತ್ತಿರ, ಅದೂ ಸಿಗೋದು ಎಂಜಿನ್ ನಿಮಿಷಕ್ಕೆ 4,000 ಸುತ್ತು, ಅಂದ್ರೆ ಆರ್‌ಪಿಎಂ, ದಾಟಿದಮೇಲೆ. ಕಿಯಾ ಕಂಪನಿಯ ಕ್ಯಾರೆನ್ಸ್ 1.5 ಡೀಸೆಲ್ಲಲ್ಲಿ 250 ಎನ್ಎಂ, 1,500ರಲ್ಲೇ ಶುರು. ಈ ವ್ಯತ್ಯಾಸ ಸುಳ್ಳಲ್ಲ, ಏಳು ಜನ ಕೂತಾಗ ಕಾಲಿಗೆ ಗೊತ್ತಾಗುತ್ತೆ. ಆದ್ರೆ ಪೆಟ್ರೋಲ್ ಗಾಡಿ ಘಾಟಿ ಹತ್ತಲ್ಲ ಅನ್ನೋದು ತಪ್ಪು. ಹತ್ತುತ್ತೆ, ಗೇರ್ ಇಳಿಸಿದ್ರೆ. ನೀವು ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಧರ್ಮಸ್ಥಳಕ್ಕೆ ಹೋಗುವಾಗ ಚಾರ್ಮಾಡಿ ಇಳೀತೀರಿ, ಹತ್ತೋದು ವಾಪಸ್ ಬರುವಾಗ, ಊಟ ಮುಗಿಸಿ ಎಲ್ರೂ ನಿದ್ದೆ ಮಾಡ್ತಿರೋವಾಗ. ಡೀಸೆಲ್ ಓಡಿಸಿದವರು ಮೂರನೇ ಗೇರಲ್ಲೇ ತಿರುವು ಎಳೆಸೋಣ ಅಂತ ನೋಡ್ತಾರೆ, ಪೆಟ್ರೋಲ್ ಗಾಡಿ ಗೊರಗೊರ ಅನ್ನುತ್ತೆ, ಅಯ್ಯೋ ಎಳೀತಿಲ್ಲ ಅಂತಾರೆ. ತಿರುವಿಗೆ ಮುಂಚೆನೇ ಎರಡಕ್ಕೆ ಇಳಿಸಿ, ಎಂಜಿನ್ ಸ್ವಲ್ಪ ಜೋರಾಗಿ ಕೂಗಲಿ, ಏನೂ ಆಗಲ್ಲ, ಪೆಟ್ರೋಲ್ ಎಂಜಿನ್ ಕೆಲಸ ಮಾಡೋ ರೀತಿನೇ ಅದು. ಕ್ಲಚ್ ಅರ್ಧ ಒತ್ತಿ ಹಿಡಿದು ಹತ್ತಿಸಬೇಡಿ, ಸುಟ್ಟ ವಾಸನೆ ಬರೋದು ಅದರಿಂದ. ಇಳಿಯುವಾಗ ನ್ಯೂಟ್ರಲ್ ಬೇಡವೇ ಬೇಡ.

ಎರ್ಟಿಗಾದಲ್ಲಿ ಡೀಸೆಲ್ ಇಲ್ಲದಿರೋದು ಗಾಡಿ ದೋಷ ಅಲ್ಲ, ಬಿಎಸ್6 ಬಂದಾಗ ಮಾರುತಿ ಎಲ್ಲಾ ಡೀಸೆಲ್ ಕಾರುಗಳನ್ನೂ ನಿಲ್ಲಿಸಿತು. ಅದರ ಸಿಎನ್‌ಜಿ ಮಾಡೆಲ್ ತೋರಿಸಿದ್ರೆ ಹಿಂದುಗಡೆ ಜಾಗ ಒಂದ್ಸಲ ನೋಡ್ಕೊಳ್ಳಿ, ಸಿಲಿಂಡರ್ ಕೂತ್ಕೊಂಡ್ರೆ ಏಳು ಜನರ ಬ್ಯಾಗ್ ಎಲ್ಲಿಡ್ತೀರಿ.

ಪೆಟ್ರೋಲಿನ ತೊಂದರೇನೂ ಹೇಳ್ಬೇಕು. ಈಗ ಬಂಕಲ್ಲಿ ಸಿಗೋದು ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲ್, ಅದರ ಬಹುಪಾಲು ನಮ್ಮ ಕಬ್ಬು, ಮೆಕ್ಕೆಜೋಳ, ಅಕ್ಕಿಯಿಂದಲೇ ಬರೋದು. ಎಥನಾಲಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಶಕ್ತಿ ಕಡಿಮೆ, ಹಾಗಾಗಿ ಮೈಲೇಜ್ ಕೂಡ ಸ್ವಲ್ಪ ಕಡಿಮೆ ಬರುತ್ತೆ. ನಾನು 14 ಅಂತ ಹಿಡಿದಿದ್ದು ಅದನ್ನೂ ಸೇರಿಸೇ.

ಬುಕ್ ಮಾಡೋಕೆ ಮುಂಚೆ ಒಂದು ಕೆಲಸ ಮಾಡಿ. ಟೆಸ್ಟ್ ಡ್ರೈವ್‌ಗೆ ಯಜಮಾನ್ರನ್ನ ಮಾತ್ರ ಕಳಿಸಬೇಡಿ, ಏಳು ಜನಾನೂ ಹೋಗಿ, ಎ.ಸಿ. ಹಾಕಿಸಿ, ಏರು ರಸ್ತೇಲಿ ನಿಲ್ಲಿಸಿ ಮತ್ತೆ ಎತ್ತಿಸಿ ನೋಡಿ. ಅತ್ತೆಯವರು ಯಾರ ಸಹಾಯ ಇಲ್ಲದೆ ಹತ್ತಿ ಇಳೀಲಿ. ಅವರಿಗೆ ಯಾವ ಗಾಡಿ ಸುಲಭ ಆಯ್ತೋ ನಾನಾದ್ರೆ ಅದರ ಪೆಟ್ರೋಲ್ ಮಾಡೆಲ್ ತಗೋತಿದ್ದೆ.

ಪ್ರಶ್ನೆ: ಶಿರಸಿಯಿಂದ ಬರೀತಿದೀನಿ. ನಮ್ಮದು ಎಂಟು ಜನರ ಕೂಡು ಕುಟುಂಬ, ಅಡಿಕೆ ತೋಟ ಇದೆ. ವಾರಕ್ಕೆ ಎರಡು ಸಲ ಹುಬ್ಬಳ್ಳಿ, ಆಗಾಗ ದೇವಿಮನೆ ಘಾಟಿ ಇಳಿದು ಕುಮಟಾ, ತಿಂಗಳಿಗೆ 2,500 ಕಿಲೋಮೀಟರ್ ಆಗ್ತದೆ. ಡೀಸೆಲ್ ಗಾಡಿ ಹತ್ತು ವರ್ಷಕ್ಕೆ ಗುಜರಿಗೆ ಹಾಕ್ಬೇಕು ಅಂತಾರಲ್ಲ, ಹೌದಾ?

ಉತ್ತರ: ಇಲ್ಲ ಸಾರ್. ಹತ್ತು ವರ್ಷದ ಮಾತು ದೆಹಲಿ ಮತ್ತೆ ಅದರ ಸುತ್ತಮುತ್ತಲಿಂದು, 2015ರಲ್ಲಿ ಹಸಿರು ನ್ಯಾಯಮಂಡಳಿ ಕೊಟ್ಟ ಆದೇಶದಿಂದ ಬಂದಿದ್ದು. ನಮ್ಮಲ್ಲಿ ಪೆಟ್ರೋಲ್ ಆಗಲಿ ಡೀಸೆಲ್ ಆಗಲಿ ಮೊದಲ ರಿಜಿಸ್ಟ್ರೇಷನ್ 15 ವರ್ಷ, ಆಮೇಲೆ ಗಾಡಿ ಚೆನ್ನಾಗಿದ್ರೆ ಫಿಟ್‌ನೆಸ್ ಮಾಡಿಸಿ ಮುಂದುವರಿಸಬಹುದು.

ನಿಮಗೆ ಕಣ್ಣು ಮುಚ್ಕೊಂಡು ಡೀಸೆಲ್. ಮೇಲಿನ ಲೆಕ್ಕಾನೇ ನಿಮ್ಮ ವರ್ಷದ 30,000 ಕಿಲೋಮೀಟರಿಗೆ ಹಾಕಿದ್ರೆ 60,000 ರೂಪಾಯಿ ಉಳೀತದೆ, ಮೂರು ವರ್ಷದೊಳಗೆ ಹೆಚ್ಚಿಗೆ ಕೊಟ್ಟ ದುಡ್ಡು ವಾಪಸ್. ಹುಬ್ಬಳ್ಳಿ ರಸ್ತೇಲಿ ಒಂದೇ ಸಮ ಓಡೋದ್ರಿಂದ ಡಿಪಿಎಫ್ ಮಸಿ ತಾನಾಗೇ ಸುಟ್ಟು ಹೋಗ್ತದೆ, ಟೀಚರ್ ಮೇಡಂಗೆ ನಾನು ಹೇಳಿದ ಭಯ ನಿಮಗಿಲ್ಲ. ಬಜೆಟ್ ಇದ್ರೆ ಇನ್ನೋವಾ ಕ್ರಿಸ್ಟಾ 2.4 ಡೀಸೆಲ್, 343 ಎನ್ಎಂ ಎಳೆತ, ಮ್ಯಾನುಯಲ್ ಗೇರ್, ಹಿಂದಿನ ಚಕ್ರ ಎಳೆಯೋ ಗಾಡಿ, ತುಂಬಿದ ಗಾಡಿ ಘಾಟಿ ಹತ್ತೋಕೆ ಹೇಳಿ ಮಾಡಿಸಿದ ಹಾಗಿದೆ. ಇನ್ನೋವಾ ಹೈಕ್ರಾಸ್ ನೋಡಿ ಅಂತಲೂ ಯಾರಾದ್ರೂ ಹೇಳಬಹುದು, ಅದರಲ್ಲಿ ಡೀಸೆಲ್ ಇಲ್ಲ, ಪೆಟ್ರೋಲ್ ಮತ್ತೆ ಹೈಬ್ರಿಡ್ ಮಾತ್ರ. ಹೈಬ್ರಿಡ್‌ನ ನಿಜವಾದ ಲಾಭ ಬ್ರೇಕ್ ಹಿಡಿದು ಹಿಡಿದು ಹೋಗೋ ಬೆಂಗಳೂರಿನಂಥ ಟ್ರಾಫಿಕ್ಕಲ್ಲಿ, ಯಾಕಂದ್ರೆ ಬ್ರೇಕ್ ಹಿಡಿದಾಗ ಬ್ಯಾಟರಿ ಚಾರ್ಜ್ ಆಗುತ್ತೆ, ಆ ಕರೆಂಟಲ್ಲೇ ನಿಧಾನಕ್ಕೆ ಓಡುತ್ತೆ. ನಿಮ್ಮ ರಸ್ತೇಲಿ ಅಷ್ಟು ಲಾಭ ಸಿಗಲ್ಲ. ಒಂದು ಮಾತ್ರ ಕೇಳ್ಕೊಳ್ಳಿ, ಈಗಿನ ಕೆಲವು ಡೀಸೆಲ್ ಗಾಡಿಗೆ ಆಡ್‌ಬ್ಲೂ ಅನ್ನೋ ಯೂರಿಯಾ ನೀರು ಬೇರೆ ಟ್ಯಾಂಕಿಗೆ ಹಾಕ್ಬೇಕು, ಅದು ಪೂರ್ತಿ ಖಾಲಿಯಾದ್ರೆ ಆಫ್ ಮಾಡಿದ ಗಾಡಿ ಮತ್ತೆ ಸ್ಟಾರ್ಟ್ ಆಗಲ್ಲ. ತೋಟದ ಗೊಬ್ಬರದ ಯೂರಿಯಾ ಕಲಸಿ ಹಾಕೋದಂತೂ ಬೇಡ.

ಪ್ರಶ್ನೆ: ಹೊಸ ಡೀಸೆಲ್ ಗಾಡಿ. ಬಂಕಲ್ಲಿ ಹುಡುಗ ಗೊತ್ತಾಗದೆ ಪೆಟ್ರೋಲ್ ಹಾಕೋಕೆ ಹೊರಟಿದ್ದ, ಕೂಗಿ ನಿಲ್ಲಿಸಿದೆ. ಹಾಕಿಬಿಟ್ಟಿದ್ರೆ ಏನು ಮಾಡ್ಬೇಕಿತ್ತು?

ಉತ್ತರ: ಕೀ ಮುಟ್ಟಬಾರದಿತ್ತು. ಸ್ಟಾರ್ಟ್ ಮಾಡದಿದ್ರೆ ಟ್ಯಾಂಕ್ ಖಾಲಿ ಮಾಡಿಸಿ ತೊಳೆಸಿದ್ರೆ ಮುಗೀತು. ಸ್ಟಾರ್ಟ್ ಮಾಡಿದ್ರೆ ಕಷ್ಟ, ಡೀಸೆಲ್ ಪಂಪಿಗೆ ಡೀಸೆಲ್ಲೇ ಜಿಡ್ಡು, ಪೆಟ್ರೋಲಲ್ಲಿ ಆ ಜಿಡ್ಡಿಲ್ಲ, ಪಂಪ್ ಒಣಗಿ ಉಜ್ಜಿ ಕಬ್ಬಿಣದ ಪುಡಿ ಇಂಜೆಕ್ಟರ್ ತನಕ ಹೋಗುತ್ತೆ, ಆಮೇಲೆ ಖರ್ಚು ಲಕ್ಷ ದಾಟಬಹುದು. ಗಾಡೀನ ನ್ಯೂಟ್ರಲ್‌ಗೆ ಹಾಕಿ ತಳ್ಳಿಸಿ ಪಕ್ಕಕ್ಕೆ ನಿಲ್ಲಿಸಿ, ಸರ್ವೀಸ್‌ನವರಿಗೆ ಫೋನ್ ಮಾಡಿ, ಟೋ ಮಾಡಿಸಿ. ಬಂಕಲ್ಲಿ ಗಾಡಿಯಿಂದ ಇಳಿದು ಡೀಸೆಲ್ ಅಂತ ಬಾಯಲ್ಲಿ ಹೇಳಿ, ಮುಚ್ಚಳದ ಮೇಲೆ ದೊಡ್ಡಕ್ಷರದ ಸ್ಟಿಕ್ಕರ್ ಅಂಟಿಸಿ.