ಪ್ಲಗ್ ಬಿಸಿಯಾಗ್ತಿದೆ, ದೊಡ್ಡ ಎಂಸಿಬಿ ಹಾಕಿಸಬಹುದಾ?

ಪ್ರಶ್ನೆ: ನಮ್ಮದು 25 ವರ್ಷ ಹಳೆಯ ಮನೆ. ಸ್ಟೋರ್ ರೂಮಿನಲ್ಲಿ ಕಬ್ಬಿಣದ ರ್‍ಯಾಕ್ ಇಟ್ಟು ಮೆಂತ್ಯ, ಸಾಸಿವೆ, ಮೂಲಂಗಿಯ ಮೈಕ್ರೋಗ್ರೀನ್ಸ್ ಬೆಳೆಸುತ್ತಿದ್ದೇನೆ. ನಾಲ್ಕು ಅರೆಗೆ ನಾಲ್ಕು ಎಲ್‌ಇಡಿ ಗ್ರೋ ಲೈಟ್, ಒಂದೊಂದು 60 ವ್ಯಾಟ್. ದಿನಕ್ಕೆ 14 ಗಂಟೆ ಉರಿಯುತ್ತವೆ. ನಾಲ್ಕೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ. ಬೋರ್ಡ್ ಇರುವುದು ಕೆಳಗಿನ ಅರೆಯಲ್ಲಿ. ಸಂಜೆ ಹೊತ್ತಿಗೆ ಅದರ ಪ್ಲಗ್ ಬಿಸಿಯಾಗಿರುತ್ತದೆ. ಬೆಳಿಗ್ಗೆ ಇಸ್ತ್ರಿ, ಮಿಕ್ಸಿ ಒಟ್ಟಿಗೆ ಹಾಕಿದರೆ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬಿದ್ದು ಕರೆಂಟ್ ಕಡಿಯುವ ಸ್ವಿಚ್) ಟ್ರಿಪ್ ಆಗುತ್ತದೆ. ಲೈಟ್ ತರುವ ಮೊದಲು ಆಗುತ್ತಿರಲಿಲ್ಲ. 6 ಆಂಪ್ ತೆಗೆದು 16 ಆಂಪ್ ಎಂಸಿಬಿ ಹಾಕಿಸೋಣ ಅನ್ನುತ್ತಾರೆ ನಮ್ಮ ಯಜಮಾನರು. ಹಾಕಿಸಬಹುದಾ?
— ಒಬ್ಬ ಓದುಗರು, ಮೈಸೂರು

ಉತ್ತರ: ಬೇಡಮ್ಮ. ಯಜಮಾನರಿಗೆ ನನ್ನ ಹೆಸರು ಹೇಳಿಯೇ ತಡೆಯಿರಿ.

ಆ 6 ಆಂಪ್ ಎಂಸಿಬಿ ಕಾಯುತ್ತಿರುವುದು ಗೋಡೆಯೊಳಗಿನ ವೈರನ್ನು. ಆ ಕಾಲದ ಮನೆಗಳಲ್ಲಿ ಲೈಟಿನ ಲೈನಿಗೆ 1 ಸ್ಕ್ವೇರ್ ಎಂಎಂ ವೈರ್ ಎಳೆದದ್ದನ್ನೇ ನಾನು ಜಾಸ್ತಿ ನೋಡಿದ್ದೇನೆ. ಅದಕ್ಕೆ 16 ಆಂಪ್ ಎಂಸಿಬಿ ಹಾಕಿದರೆ, ಪೈಪಿನೊಳಗೆ ವೈರ್ ಬೆಂದು ಮೆತ್ತಗಾಗುತ್ತಿದ್ದರೂ ಎಂಸಿಬಿ ಆರಾಮಾಗಿ ಕೂತಿರುತ್ತದೆ.

ಟ್ರಿಪ್ ಆಗುವುದಕ್ಕೆ ಲೈಟನ್ನೇ ಪೂರ್ತಿ ಬೈಯುವ ಹಾಗಿಲ್ಲ. ನಾಲ್ಕೂ ಸೇರಿ 240 ವ್ಯಾಟ್. ನಮ್ಮ 230 ವೋಲ್ಟಿಗೆ ಹೆಚ್ಚುಕಮ್ಮಿ 1 ಆಂಪ್, ಅಷ್ಟೇ. 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಒಂದೇ 4.3 ಆಂಪ್ ಎಳೆಯುತ್ತದೆ. 750 ವ್ಯಾಟಿನ ಮಿಕ್ಸಿ ಇನ್ನೊಂದು 3.3. ಫ್ಯಾನು ಬೇರೆ. ಅಂದರೆ ಲೈಟ್ ಇಲ್ಲದಾಗಲೂ ನೀವು 6 ದಾಟುತ್ತಿದ್ದಿರಿ. ಎಂಸಿಬಿ ಸ್ವಲ್ಪ ಜಾಸ್ತಿಯಾದರೆ ತಕ್ಷಣ ಬೀಳುವುದಿಲ್ಲ, ಒಳಗಿನ ಪಟ್ಟಿ ಕಾದು ಬಾಗುವುದಕ್ಕೆ ಹೊತ್ತು ಬೇಕು. ಅಷ್ಟರಲ್ಲಿ ನಿಮ್ಮ ಚಟ್ನಿ ರುಬ್ಬಿ ಆಗಿರುತ್ತಿತ್ತು. ಈಗ ಲೈಟಿನ 1 ಆಂಪ್ ಸೇರಿ ಅದು ಬೇಗ ಬೀಳುತ್ತಿದೆ. ಇಸ್ತ್ರಿ ಪೆಟ್ಟಿಗೆಯನ್ನು ದೊಡ್ಡ ಮೂರು ಪಿನ್ನಿನ ಪವರ್ ಪಾಯಿಂಟಿಗೆ ಹಾಕಿ, ಈ ತೊಂದರೆ ಅಲ್ಲಿಗೆ ಮುಗಿಯುತ್ತದೆ.

ನನಗೆ ನಿಜವಾಗಿ ಹೆದರಿಕೆಯಾದದ್ದು ಆ ಬಿಸಿ ಪ್ಲಗ್ ಓದಿ. 1 ಆಂಪಿಗೆ ಪ್ಲಗ್ ಬಿಸಿಯಾಗಬಾರದು. ಆಗುತ್ತಿದೆ ಅಂದರೆ ಎಲ್ಲೋ ಲೂಸ್ ಕನೆಕ್ಷನ್. ಲೂಸ್ ಕನೆಕ್ಷನ್ನಿನಲ್ಲಿ ಕರೆಂಟ್ ಏನೂ ಜಾಸ್ತಿ ಹರಿಯುವುದಿಲ್ಲ, ಹಾಗಾಗಿ ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಕರೆಂಟೆಲ್ಲ ಸಾಸಿವೆ ಕಾಳಿನಷ್ಟು ಜಾಗದಲ್ಲಿ ನುಗ್ಗಿ ಅಲ್ಲೇ ಕಾಯಿಸುತ್ತಿರುತ್ತದೆ, ಅದೂ ದಿನಕ್ಕೆ 14 ಗಂಟೆ.

ಬುದ್ಧಿ ಹೇಳುವ ನಾನೂ ಇದನ್ನೇ ಮಾಡಿಕೊಂಡಿದ್ದೇನೆ. ನಮ್ಮಾಕೆ ಕೊತ್ತಂಬರಿ ಟ್ರೇಗೆ ಲೈಟ್ ಬೇಕು ಅಂದಾಗ, ಎರಡು ವೈರ್ ತಿರುಚಿ ಟೇಪ್ ಸುತ್ತಿ, ಒಂದು ಹಳೆಯ ಸಾಕೆಟ್ಟಿಗೆ ಸಿಕ್ಕಿಸಿದೆ. ಇವತ್ತಿಗೆ ಇರಲಿ, ನಾಳೆ ಸರಿ ಮಾಡೋಣ ಅಂತ. ಆ ನಾಳೆ ಎರಡು ತಿಂಗಳಾಯಿತು. ಒಂದು ರಾತ್ರಿ ನಮ್ಮಾಕೆ, "ಯಾರ ಮನೇಲೋ ಮೀನು ಸುಡ್ತಿದಾರಲ್ವಾ?" ಅಂದಳು. ನನಗೆ ಎದೆ ಧಸಕ್ ಅಂದಿತು. ಸಾಕೆಟ್ಟಿನ ಪ್ಲಾಸ್ಟಿಕ್ ಕಾದಾಗ ಎಷ್ಟೋ ಸಲ ಮೀನಿನ ವಾಸನೆಯೇ ಬರುತ್ತದೆ. ಮೇನ್ ಆಫ್ ಮಾಡಿ ಬಿಚ್ಚಿದೆ. ಟೇಪಿನ ಗೋಂದು ಕರಗಿ ಜೋನಿಬೆಲ್ಲದ ಹಾಗೆ ಇಳಿದಿತ್ತು. ಸಾಕೆಟ್ಟಿನ ಒಂದು ತೂತಿನ ಸುತ್ತ ಮಾತ್ರ ಕಾಡಿಗೆ ಬಳಿದಂತೆ ಕಪ್ಪು. ಮೂವತ್ತು ವರ್ಷ ವೈರ್‌ಮನ್ ಕೆಲಸ ಮಾಡಿದವನ ಮನೆ ಇದು! ಅವಳು ಇವತ್ತಿಗೂ ನೆಂಟರೆದುರು ಹೇಳುತ್ತಾಳೆ.

ನೀವೂ ಮೇನ್ ಆಫ್ ಮಾಡಿ ಪ್ಲಗ್ ಕಿತ್ತು ನೋಡಿ. ಪಿನ್ ಕಪ್ಪಾಗಿದೆಯಾ, ಸಾಕೆಟ್ ಸಡಿಲವಾಗಿದೆಯಾ? ಹಾಗಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಪ್ಲಗ್, ಸಾಕೆಟ್ ಎರಡನ್ನೂ ಬದಲಾಯಿಸಿ. ಒಂದನ್ನೇ ಬದಲಾಯಿಸಿ ದುಡ್ಡು ಉಳಿಸಬೇಡಿ. ಸುಟ್ಟ ಪಿನ್ ಹೊಸ ಸಾಕೆಟ್ಟನ್ನೂ ಕೆಡಿಸುತ್ತದೆ.

ಬೋರ್ಡನ್ನು ಕೆಳಗಿನ ಅರೆಯಿಂದ ಇವತ್ತೇ ತೆಗೆಯಿರಿ. ಮೇಲಿನ ಟ್ರೇಗೆ ಚಿಮುಕಿಸಿದ ನೀರು ಬೀಳುವುದು ಅಲ್ಲಿಗೇ ಅಲ್ವಾ? ಗೋಡೆಗೆ, ಟ್ರೇಗಳಿಗಿಂತ ಎತ್ತರದಲ್ಲಿ ಹೊಡೆಸಿ. ಲೈಟಿನ ವೈರ್ ಪ್ಲಗ್ಗಿಗಿಂತ ಕೆಳಗೆ ಜೋತುಬಿದ್ದು ಆಮೇಲೆ ಮೇಲೇರಲಿ. ಹನಿ ಜಾರಿಕೊಂಡು ಬಂದರೂ ಆ ಜೋಲಿನಲ್ಲೇ ಕೆಳಗೆ ಬೀಳುತ್ತದೆ, ಪ್ಲಗ್ಗಿನೊಳಗೆ ಹೋಗುವುದಿಲ್ಲ. ಕಬ್ಬಿಣದ ರ್‍ಯಾಕು, ಒದ್ದೆ ಕೈ, ಕರೆಂಟು ಮೂರೂ ಒಂದೇ ಕಡೆ ಇರುವುದರಿಂದ ಎಂಸಿಬಿಗಳಿರುವ ಪೆಟ್ಟಿಗೆಯಲ್ಲಿ (ಡಿಬಿ) 30 ಮಿಲಿ ಆಂಪಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್, ಇದೆಯಾ ಅಂತಲೂ ಕೇಳಿ. ಮನುಷ್ಯನಿಗೆ ಶಾಕ್ ಹೊಡೆದಾಗ ಎಂಸಿಬಿ ಬೀಳುವುದಿಲ್ಲ, ಬೀಳುವುದು ಅದು. ಲೈಟಿನ ಬಾಡಿ ಲೋಹದ್ದಾಗಿದ್ದರೆ ಅರ್ಥ್ ಇರುವ ಮೂರು ಪಿನ್ ಪ್ಲಗ್ಗೇ ಇರಲಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. 240 ವ್ಯಾಟ್ 14 ಗಂಟೆ ಉರಿದರೆ ತಿಂಗಳಿಗೆ ಸುಮಾರು 100 ಯೂನಿಟ್. ಗೃಹಜ್ಯೋತಿಯಲ್ಲಿ 200 ದಾಟಿದರೆ ಆ ತಿಂಗಳ ಇಡೀ ಬಿಲ್ ನಿಮ್ಮ ತಲೆಗೇ. ಮೊಳಕೆ ಬರುವ ಮೊದಲ ಎರಡು ಮೂರು ದಿನ ಟ್ರೇ ಮುಚ್ಚಿಟ್ಟಿರುತ್ತೀರಲ್ಲ, ಆ ಅರೆಯ ಲೈಟ್ ಸುಮ್ನೆ ಯಾಕೆ ಉರಿಯಬೇಕು?

ಪ್ಲಗ್ ಸರಿಯಾಗುವ ತನಕ ಲೈಟ್ ಹಾಕಬೇಡಿ. ಟ್ರೇಗಳನ್ನು ಕಿಟಕಿ ಪಕ್ಕ ಇಡಿ. ಎರಡು ದಿನಕ್ಕೆ ಮೆಂತ್ಯ ಏನೂ ಸಾಯುವುದಿಲ್ಲ.