ಹ್ಯಾಲೋವೀನ್‌ಗೆ ಹಾಲಿನ ಕ್ಯಾನ್ ಎಸೆಯಬೇಡಿ

ಹೊಸ ಮನೆಯಲ್ಲಿ ಮೊದಲ ಹ್ಯಾಲೋವೀನ್, ಅಂಗಡಿಯಲ್ಲಿ ಅಲಂಕಾರದ ಅಸ್ಥಿಪಂಜರದ ಬೆಲೆ ನೋಡಿ ಗಾಬರಿಯಾಯ್ತು, ಮನೆಯಲ್ಲಿರೋ ಹಳೆ ಸಾಮಾನಲ್ಲೇ ಏನಾದ್ರೂ ಮಾಡಬಹುದಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತೆ. ನಾವು ನ್ಯೂಜೆರ್ಸಿಯಲ್ಲಿ ಆರು ವರ್ಷದಿಂದ ಹಾಗೇ ಮಾಡುತ್ತಿದ್ದೇವೆ. ಅಕ್ಟೋಬರ್ 31ಕ್ಕೆ ಇಲ್ಲಿ ಸಂಜೆ 6ಕ್ಕೆಲ್ಲ ಹೊತ್ತು ಮುಳುಗಿರುತ್ತೆ, ವೇಷ ಹಾಕಿ ಮನೆಮನೆಗೆ ಮಿಠಾಯಿ ಕೇಳೋಕೆ ಮಕ್ಕಳು ಹೆಚ್ಚಾಗಿ ಬರೋದು ಕತ್ತಲಾದ ಮೇಲೆ. ಹಾಗಾಗಿ ವಸ್ತು ತುಂಬ ಚೆಂದ ಇರಬೇಕಿಲ್ಲ, ಅದರೊಳಗೆ ಬೆಳಕಿದ್ದರೆ ಸಾಕು.

ಎಲ್ಲಕ್ಕಿಂತ ಒಳ್ಳೇದು ಒಂದು ಗ್ಯಾಲನ್ ಹಾಲಿನ ಪ್ಲಾಸ್ಟಿಕ್ ಕ್ಯಾನ್, ಅದರಲ್ಲಿ ಭೂತ ಮಾಡಬಹುದು. ಮೊಸರು, ಕಾಫಿ ಅಂತ ನಮ್ಮ ಮನೆಗಳಲ್ಲಿ ವಾರಕ್ಕೊಂದು ಖಾಲಿಯಾಗೇ ಆಗುತ್ತೆ, ಅಲ್ವಾ? ಇವತ್ತಿನಿಂದಲೇ ಎತ್ತಿಡಿ, ಪಕ್ಕದ ಮನೆಯವರನ್ನೂ ಕೇಳಿ, ಎಂಟು ಹತ್ತು ಸೇರಿದರೆ ಬಾಗಿಲವರೆಗೆ ಸಾಲು ಇಡಬಹುದು. ಬಿಸಿನೀರು, ಸೋಪು ಹಾಕಿ ಚೆನ್ನಾಗಿ ಕುಲುಕಿ ತೊಳೆದು ಒಂದು ದಿನ ಬೋರಲು ಹಾಕಿ, ಇಲ್ಲದಿದ್ದರೆ ಹುಳಿ ವಾಸನೆ ಹೋಗಲ್ಲ. ಹಿಡಿ ಹಿಂದಕ್ಕೆ ಬರುವ ಹಾಗೆ ಇಟ್ಟು, ಮುಂದೆ ಕಪ್ಪು ಪರ್ಮನೆಂಟ್ ಮಾರ್ಕರ್‌ನಿಂದ ದೊಡ್ಡ ಕಣ್ಣು, ತೆರೆದ ಬಾಯಿ ಬರೆಯಿರಿ. ಪೇಂಟ್ ಬೇಡ, ಆ ಪ್ಲಾಸ್ಟಿಕ್ ಮೇಲೆ ಅದು ಹಿಡಿಯಲ್ಲ, ಸಿಪ್ಪೆಯಂತೆ ಏಳುತ್ತೆ. ಬೆನ್ನಿನ ಕಡೆ ಅಂಗೈ ಅಗಲ ಕತ್ತರಿಸಿ, ಗಾಳಿಗೆ ಉರುಳದ ಹಾಗೆ ತಳಕ್ಕೆ ಎರಡು ಹಿಡಿ ಮರಳು ಹಾಕಿ, ದೀಪಾವಳಿಗೆ ತಂದಿಟ್ಟ ಎಲ್ಇಡಿ ಸರವನ್ನೇ ಒಂದರಿಂದ ಇನ್ನೊಂದಕ್ಕೆ ಎಳೆಯಿರಿ. ಬಿಳಿ ಪ್ಲಾಸ್ಟಿಕ್ ಬೆಳಕನ್ನು ಹರಡುತ್ತೆ, ಇಡೀ ಭೂತವೇ ಹೊಳೆಯುತ್ತೆ.

ಮಾವಿನ ರಸದ ದೊಡ್ಡ ತಗಡಿನ ಡಬ್ಬ ಇದೆಯಾ? ಅದಕ್ಕೆ ತೂತು ಹೊಡೆದು ಒಳಗೆ ದೀಪ ಇಡೋ ಲಾಟೀನು ಮಾಡಬಹುದು, ಆದರೆ ಸುಮ್ನೆ ಮೊಳೆಯಿಂದ ಹೊಡೆದರೆ ನೆಗ್ಗಿಹೋಗುತ್ತೆ. ಬಾಯಿಗೆ ಒಂದು ಇಂಚು ಬಿಟ್ಟು ನೀರು ತುಂಬಿಸಿ, ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟು ಗಟ್ಟಿ ಮಾಡಿ. ಆಮೇಲೆ ಟವೆಲ್ ಮೇಲೆ ಮಲಗಿಸಿ, ಚುಕ್ಕಿ ಇಟ್ಟ ಕಾಗದ ಅಂಟಿಸಿ, ಚುಕ್ಕಿ ಚುಕ್ಕಿಗೂ ಮೊಳೆ ಹೊಡೆಯಿರಿ. ಒಳಗಿನ ಮಂಜುಗಡ್ಡೆ ತಗಡನ್ನು ಒಳಕ್ಕೆ ಬಗ್ಗೋಕೆ ಬಿಡಲ್ಲ. ತಳ ಸ್ವಲ್ಪ ಉಬ್ಬುತ್ತೆ, ಐಸ್ ಕರಗಿದ ಮೇಲೆ ಸುತ್ತಿಗೆಯಿಂದ ತಟ್ಟಿದರೆ ಸರಿಹೋಗುತ್ತೆ. ಅಂಚು ಕೈ ಕುಯ್ಯುತ್ತೆ, ಈ ಕೆಲಸ ದೊಡ್ಡವರೇ ಮಾಡಲಿ.

ಹಳೆ ಪ್ಯಾಂಟು ಶರ್ಟಿಗೆ ಒಣ ಎಲೆ ತುಂಬಿದರೆ ನಮ್ಮ ಹೊಲದ ಬೆದರುಬೊಂಬೆಯೇ. ಎಲೆಯನ್ನು ಕಸದ ಚೀಲಕ್ಕೆ ಹಾಕಿ ಆಮೇಲೆ ಬಟ್ಟೆಗೆ ತುರುಕಿ, ಮಳೆ ಬಂದರೂ ಕುಸಿಯಲ್ಲ. ಊರಲ್ಲಿ ಮಡಕೆಗೆ ಸುಣ್ಣ ಹಚ್ಚಿ ತಲೆ ಮಾಡುತ್ತಿದ್ದರು, ಇಲ್ಲಿ ದಿಂಬಿನ ಕವರ್ ಆಗುತ್ತೆ. ಕುರ್ಚಿ ಮೇಲೆ ಕೂರಿಸಿ.

ಟಿವಿ ಜೊತೆ ಬಂದ ಥರ್ಮಾಕೋಲ್‌ನಿಂದ ಸಮಾಧಿ ಕಲ್ಲು ಮಾಡಬಹುದು. ಮೊದಲ ವರ್ಷ ನಾನು ಅದಕ್ಕೆ ಸ್ಪ್ರೇ ಪೇಂಟ್ ಹೊಡೆದೆ, ಕಣ್ಣೆದುರೇ ಕರಗಿ ತೂತು ತೂತಾಯ್ತು. ನೀರಲ್ಲಿ ಕಲಸುವ ಅಕ್ರಿಲಿಕ್ ಬಣ್ಣವನ್ನೇ ಬ್ರಶ್‌ನಿಂದ ಹಚ್ಚಿ.

ಹಿಂಜಿದ ಹತ್ತಿಯಂಥ ನಕಲಿ ಜೇಡರಬಲೆಯನ್ನು ಮಾತ್ರ ಹೊರಗೆ ಗಿಡಗಳಿಗೆ ಸುತ್ತಬೇಡಿ, ದಯವಿಟ್ಟು. ಹಕ್ಕಿಗಳು, ಜೇನುಹುಳಗಳು ಸಿಕ್ಕಿಹಾಕಿಕೊಳ್ಳುತ್ತವೆ. ಬಲೆ ಬೇಕೇಬೇಕು ಅಂದ್ರೆ ದಪ್ಪ ಹಗ್ಗದಲ್ಲಿ ಅಗಲ ಕಣ್ಣಿಟ್ಟು ಗೋಡೆಗೆ ಕಟ್ಟಿ. ಇನ್ನು ಒಣ ಎಲೆ, ಬಟ್ಟೆ, ಮಕ್ಕಳ ಉದ್ದ ನಿಲುವಂಗಿ ಇರುವ ಕಡೆ ನಿಜವಾದ ಮೇಣದ ಬತ್ತಿ ಬೇಡವೇ ಬೇಡ, ಬ್ಯಾಟರಿ ದೀಪ ಇಡಿ. ಹೊರಗೆ ಎಳೆಯುವ ಎಕ್ಸ್‌ಟೆನ್ಶನ್ ವೈರ್ ಹೊರಾಂಗಣದ್ದೇ ಇರಲಿ. ನಿಮ್ಮ ಅಂಗಳದ ಫೋಟೋ ಹಾಕಿ, ಸಾಲು ಎಲ್ಲಿಂದ ಎಲ್ಲಿಗೆ ಇಟ್ಟರೆ ಚೆನ್ನ ಅಂತ ನೋಡಿ ಹೇಳುತ್ತೇನೆ.