ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಮಂಡಿ, ಅಂಗಡಿ, ಹೋಂಸ್ಟೇಗೆ ಯಾವ ನೆಟ್‌ವರ್ಕ್ ಸ್ವಿಚ್?

ಈ ಸಲದ ಅಂಕಣ ಪೂರ್ತಿ ನೆಟ್‌ವರ್ಕ್ ಸ್ವಿಚ್ ಬಗ್ಗೆ, ಅಂದರೆ ಕಂಪ್ಯೂಟರ್, ಪ್ರಿಂಟರ್, ಕ್ಯಾಮೆರಾಗಳನ್ನು ಕೇಬಲ್ ಮೂಲಕ ಒಂದಕ್ಕೊಂದು ಜೋಡಿಸುವ ಪೆಟ್ಟಿಗೆಯ ಬಗ್ಗೆ. ‘ಯಾವ ಕಂಪನಿಯದು ಒಳ್ಳೆಯದು’ ಎಂದು ಹಲವರು ಕೇಳಿದ್ದೀರಿ. ಕಂಪನಿಯ ಹೆಸರಿಗಿಂತ ಮೊದಲು ನೋಡಬೇಕಾದ್ದು ಸ್ವಿಚ್ ಡೇಟಾ ಕೇಬಲ್‌ನಲ್ಲೇ ಸಾಧನಗಳಿಗೆ ಒಟ್ಟು ಎಷ್ಟು ವ್ಯಾಟ್ ವಿದ್ಯುತ್ ಕೊಡುತ್ತದೆ (ಹೀಗೆ ಕೊಡುವುದಕ್ಕೇ ಪಿಒಇ ಎನ್ನುವುದು), ಅದಕ್ಕೆ ಬಂದು ಸೇರುವ ಕೇಬಲ್ ಎಂಥದ್ದು, ಅರ್ತಿಂಗ್ ಹೇಗಿದೆ ಎಂಬುದನ್ನು. ಈ ಮೂರು ಸರಿಯಿಲ್ಲದಿದ್ದರೆ ಎಷ್ಟು ದುಬಾರಿ ಸ್ವಿಚ್ ತಂದರೂ ಮಳೆಗಾಲ ದಾಟುವುದು ಕಷ್ಟ.

ಪ್ರಶ್ನೆ: ಸಾಗರದಲ್ಲಿ ನಮ್ಮ ಅಡಿಕೆ ಮಂಡಿಗೆ ಹೊಸ ಕಟ್ಟಡ ಆಗಿದೆ. 6 ಕಂಪ್ಯೂಟರ್, 2 ಪ್ರಿಂಟರ್, 12 ಕ್ಯಾಮೆರಾ (ಅಂಗಳದ್ದು ತಿರುಗುವ ಕ್ಯಾಮೆರಾ), 3 ವೈಫೈ ಆಕ್ಸೆಸ್ ಪಾಯಿಂಟ್, ಒಂದು ಎನ್‌ವಿಆರ್ (ಕ್ಯಾಮೆರಾ ದೃಶ್ಯ ರೆಕಾರ್ಡ್ ಮಾಡುವ ಪೆಟ್ಟಿಗೆ), ಒಂದು ರೌಟರ್ ಇವೆ. ಮೂರು ಕೊಟೇಶನ್ ಬಂದಿವೆ. ಮೊದಲನೆಯದು 16 ಪೋರ್ಟ್‌ನ ಅನ್‌ಮ್ಯಾನೇಜ್ಡ್ (ಸೆಟ್ಟಿಂಗ್ ಬದಲಿಸಲಾಗದ) ಪಿಒಇ ಸ್ವಿಚ್, 120 ವ್ಯಾಟ್, ಜೊತೆಗೆ 8 ಪೋರ್ಟ್‌ನ ಸಾದಾ ಸ್ವಿಚ್. ಎರಡನೆಯದು 24 ಪೋರ್ಟ್‌ನ ಸ್ಮಾರ್ಟ್ ಮ್ಯಾನೇಜ್ಡ್ (ಸೆಟ್ಟಿಂಗ್ ಬದಲಿಸಬಹುದಾದ) ಪಿಒಇ, 4 ಎಸ್‌ಎಫ್‌ಪಿ (ಫೈಬರ್ ಮಾಡ್ಯೂಲ್ ಚುಚ್ಚುವ ಬಾಯಿ), 190 ವ್ಯಾಟ್. ಮೂರನೆಯದು 24 ಪೋರ್ಟ್‌ನ ಲೇಯರ್-3 (ರೌಟರ್‌ನ ಕೆಲಸವನ್ನೂ ಮಾಡುವ) ಸ್ವಿಚ್, 370 ವ್ಯಾಟ್. ದರ ಮೊದಲನೆಯದರ ನಾಲ್ಕು ಪಟ್ಟು. ಯಾವುದು ತಗೊಳ್ಳಲಿ?

ಎರಡನೆಯದು. ಆದರೆ ಅದೊಂದೇ ಸಾಲದು. ನಿಮ್ಮ ಸಾಮಾನು ಕೂಡಿಸಿದರೆ 25 ಆಗುತ್ತದೆ, ಸ್ವಿಚ್‌ನಲ್ಲಿರುವುದು 24 ಪೋರ್ಟ್. ಬಿಲ್ಲಿಂಗ್ ಕೌಂಟರಿನ ಹತ್ತಿರ 16 ಪೋರ್ಟ್‌ನ, ಪಿಒಇ ಇಲ್ಲದ ಸ್ಮಾರ್ಟ್ ಸ್ವಿಚ್ ಒಂದನ್ನು ಸೇರಿಸಲು ಹೇಳಿ. ಕಂಪ್ಯೂಟರ್, ಪ್ರಿಂಟರ್ ಎಂಟೂ ಅದಕ್ಕೆ ಹೋಗಲಿ. ಅಲ್ಲಿಂದ ದೊಡ್ಡ ಸ್ವಿಚ್‌ಗೆ ಎಂಟು ಕೇಬಲ್ ಬದಲು ಒಂದೇ ಕೇಬಲ್ ಎಳೆದರಾಯಿತು. ದೊಡ್ಡದರಲ್ಲಿ ಕ್ಯಾಮೆರಾ, ಆಕ್ಸೆಸ್ ಪಾಯಿಂಟ್, ಎನ್‌ವಿಆರ್, ರೌಟರ್ ಮತ್ತು ಈ ಜೋಡಣೆ ಸೇರಿ 18 ಪೋರ್ಟ್ ತುಂಬಿ 6 ಉಳಿಯುತ್ತವೆ. ಇನ್ನೊಂದು ಲಾಭವೂ ಇದೆ. ಪಿಒಇ ಸ್ವಿಚ್‌ನ ಪವರ್ ಸಪ್ಲೈ ಸದಾ ಬಿಸಿಯಾಗಿರುವುದರಿಂದ ಸಾಮಾನ್ಯವಾಗಿ ಮೊದಲು ಕೈಕೊಡುವುದು ಅದೇ. ಆ ದಿನವೂ ಕೌಂಟರಿನ ಕಂಪ್ಯೂಟರುಗಳು ತಮ್ಮೊಳಗೆ ಮಾತಾಡಿಕೊಂಡು ಬಿಲ್ ಪ್ರಿಂಟ್ ಮಾಡುತ್ತಿರುತ್ತವೆ.

ಈಗ ವ್ಯಾಟ್ ಲೆಕ್ಕ. ಕ್ಯಾಮೆರಾದ ಡಬ್ಬಿಯ ಮೇಲೆ ಅಥವಾ ಡೇಟಾಶೀಟ್‌ನಲ್ಲಿ ‘ಗರಿಷ್ಠ’ ಎಂದು ಬರೆದಿರುವ ಅಂಕಿಯನ್ನೇ ಹಿಡಿಯಿರಿ. 11 ಸಾದಾ ಕ್ಯಾಮೆರಾ ತಲಾ 7 ವ್ಯಾಟ್ ಎಂದರೆ 77. ತಿರುಗುವ ಕ್ಯಾಮೆರಾಗೆ 20. ಆಕ್ಸೆಸ್ ಪಾಯಿಂಟ್ ತಲಾ 13ರಂತೆ 39. ಒಟ್ಟು 136. ಅದರ ಮೇಲೆ ಕಾಲುಭಾಗ ಸೇರಿಸಿದರೆ 170. 120 ವ್ಯಾಟ್‌ನ ಮೊದಲ ಕೊಟೇಶನ್ ಇಲ್ಲೇ ಬಿತ್ತು. ಆದರೆ ಅದು ಬಿದ್ದದ್ದು ಅಳವಡಿಸಿದ ದಿನ ಗೊತ್ತಾಗುವುದಿಲ್ಲ, ಹಗಲಿನಲ್ಲಿ ಎಲ್ಲಾ ಕ್ಯಾಮೆರಾ ಚೆನ್ನಾಗಿಯೇ ಓಡುತ್ತವೆ. ಕತ್ತಲಾಗಿ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಂಡಾಗ ಕ್ಯಾಮೆರಾಗಳು ಎಳೆಯುವ ವಿದ್ಯುತ್ ಏರುತ್ತದೆ, ಸ್ವಿಚ್ ಒಂದೆರಡು ಪೋರ್ಟ್ ಕಡಿದುಹಾಕುತ್ತದೆ. ಆ ಕ್ಯಾಮೆರಾ ಮತ್ತೆ ಶುರುವಾಗುತ್ತದೆ, ಮತ್ತೆ ಆರುತ್ತದೆ. ‘ರಾತ್ರಿ ಮಾತ್ರ ಕ್ಯಾಮೆರಾ ಹೋಗುತ್ತೆ’ ಎಂಬ ದೂರು ಬಂದರೆ ಕ್ಯಾಮೆರಾ ಬದಲಿಸುವ ಮೊದಲು ಪಿಒಇ ಬಜೆಟ್ (ಸ್ವಿಚ್ ಕೊಡಬಲ್ಲ ಒಟ್ಟು ವ್ಯಾಟ್) ನೋಡಬೇಕು.

ತಿರುಗುವ ಕ್ಯಾಮೆರಾ ಹಾಕುವ ಪೋರ್ಟ್ 802.3ಎಟಿ, ಅಂದರೆ ‘ಪಿಒಇ ಪ್ಲಸ್’ ಆಗಿರಲೇಬೇಕು. ಹಳೆಯ 802.3ಎಎಫ್ ಪೋರ್ಟ್ 15.4 ವ್ಯಾಟ್ ಬಿಟ್ಟರೂ ಕೇಬಲ್‌ನ ನಷ್ಟ ಕಳೆದು ಸಾಧನಕ್ಕೆ ಖಾತ್ರಿಯಾಗಿ ಸಿಗುವುದು 12.95 ಮಾತ್ರ. ಎಟಿ ಪೋರ್ಟ್ 30 ವ್ಯಾಟ್ ಬಿಡುತ್ತದೆ, ಸಾಧನಕ್ಕೆ 25.5 ತಲುಪುತ್ತದೆ.

190 ವ್ಯಾಟ್ ಸಾಕು ಎಂದೆವು, ಒಂದು ಸೆಟ್ಟಿಂಗ್ ಸರಿಯಿದ್ದರೆ ಮಾತ್ರ. ಕೆಲವು ಸ್ವಿಚ್‌ಗಳು ಸಾಧನ ನಿಜವಾಗಿ ಎಳೆಯುವಷ್ಟನ್ನು ಲೆಕ್ಕ ಹಿಡಿಯದೆ ಅದರ ‘ಕ್ಲಾಸ್’ ನೋಡಿ ಪೂರ್ತಿ 15.4 ವ್ಯಾಟ್ ಕಾಯ್ದಿರಿಸುತ್ತವೆ. ತಿರುಗುವ ಕ್ಯಾಮೆರಾ ಬಿಟ್ಟು ಉಳಿದ 14 ಸಾಧನಕ್ಕೇ ಹಾಗೆ ಕಾಯ್ದಿರಿಸಿದರೆ 215 ದಾಟುತ್ತದೆ, ಕೊನೆಗೆ ಚುಚ್ಚಿದ ಕ್ಯಾಮೆರಾಗಳು ಹೊತ್ತುವುದೇ ಇಲ್ಲ. ಸ್ವಿಚ್‌ನ ಸೆಟ್ಟಿಂಗ್ ತೆರೆದು ಪಿಒಇ ಪುಟದಲ್ಲಿ ಇದನ್ನು ‘ನಿಜ ಬಳಕೆ’ಯ ಲೆಕ್ಕಕ್ಕೆ ಬದಲಿಸಿ. ಅದೇ ಪುಟದಲ್ಲಿ ಗೇಟಿನ ಕ್ಯಾಮೆರಾ, ತೂಕದ ಜಾಗದ ಕ್ಯಾಮೆರಾ, ಆಕ್ಸೆಸ್ ಪಾಯಿಂಟ್‌ಗಳಿಗೆ ಹೆಚ್ಚಿನ ಆದ್ಯತೆ ಕೊಟ್ಟರೆ ವಿದ್ಯುತ್ ಸಾಲದೆ ಹೋದಾಗ ಮೊದಲು ಆರುವುದು ಅಷ್ಟೇನೂ ಮುಖ್ಯವಲ್ಲದ್ದು.

ಲೇಯರ್-3 ಸ್ವಿಚ್ ನಿಮಗೆ ಬೇಡ. ಹಲವು ವಿಲ್ಯಾನ್‌ಗಳ (ಒಂದೇ ಸ್ವಿಚ್‌ನೊಳಗೆ ಬೇರ್ಪಡಿಸಿದ ನೆಟ್‌ವರ್ಕ್‌ಗಳ) ನಡುವೆ ಭಾರೀ ಪ್ರಮಾಣದಲ್ಲಿ ಡೇಟಾ ಓಡಾಡುವ ಕಾಲೇಜು, ಆಸ್ಪತ್ರೆ, ಕಾರ್ಖಾನೆಗೆ ಅದು ಬೇಕು. ಮಂಡಿಯ ಕೆಲಸಕ್ಕೆ ರೌಟರ್ ಸಾಕು.

ಕೊಟೇಶನ್‌ನಲ್ಲಿ ‘ಸ್ವಿಚಿಂಗ್ ಕೆಪಾಸಿಟಿ 56 ಜಿಬಿಪಿಎಸ್’ ಎಂದು ದಪ್ಪಕ್ಷರದಲ್ಲಿ ಹಾಕಿರಬಹುದು. 24 ಮತ್ತು 4 ಸೇರಿ 28 ಗಿಗಾಬಿಟ್ ಪೋರ್ಟ್, ಹೋಗುವುದು ಬರುವುದು ಎರಡೂ ಸೇರಿ ಇಮ್ಮಡಿ: 56. ಇಷ್ಟೇ ಪೋರ್ಟ್ ಇರುವ ಯಾವ ಕಂಪನಿಯ ಒಳ್ಳೆಯ ಸ್ವಿಚ್‌ನಲ್ಲೂ ಇದೇ ಅಂಕಿ ಇರುತ್ತದೆ, ಹೋಲಿಕೆಗೆ ಅದರಿಂದ ಉಪಯೋಗವಿಲ್ಲ. ಗಮನಿಸಬೇಕಾದ್ದು ಕಡಿಮೆ ದರದ ಸಿಸಿಟಿವಿ ಸ್ವಿಚ್‌ಗಳ ಅಪ್‌ಲಿಂಕ್, ಅಂದರೆ ಎಲ್ಲಾ ಕ್ಯಾಮೆರಾಗಳ ಡೇಟಾ ಒಟ್ಟಾಗಿ ಹೊರಹೋಗುವ ಪೋರ್ಟ್. ಕೆಲವದರಲ್ಲಿ ಅದು ಬರೀ 100 ಎಂಬಿಪಿಎಸ್. 12 ಕ್ಯಾಮೆರಾ ತಲಾ 6 ಎಂಬಿಪಿಎಸ್ ಕಳಿಸಿದರೆ 72 ಆಯಿತು. ನಾಳೆ ಇನ್ನು ನಾಲ್ಕು ಕ್ಯಾಮೆರಾ ಹಾಕಿದರೆ ದಾರಿ ಕಟ್ಟಿಕೊಳ್ಳುತ್ತದೆ.

ಸ್ಮಾರ್ಟ್ ಸ್ವಿಚ್ ತಂದು ವಿಲ್ಯಾನ್ ಮಾಡದೆ ಬಿಟ್ಟರೆ ಕೊಟ್ಟ ದುಡ್ಡು ದಂಡ. ವಿಲ್ಯಾನ್ ಸಂಖ್ಯೆ 10 ಬಿಲ್ಲಿಂಗ್‌ಗೆ, 20 ಕ್ಯಾಮೆರಾಗೆ, 30 ಬಂದವರ ವೈಫೈಗೆ ಇಡಿ. ಕಂಪ್ಯೂಟರ್ ಮತ್ತು ಕ್ಯಾಮೆರಾ ಪೋರ್ಟುಗಳು ತಮ್ಮ ತಮ್ಮ ವಿಲ್ಯಾನ್‌ನಲ್ಲಿ ಅನ್‌ಟ್ಯಾಗ್ಡ್ (ಡೇಟಾದ ಮೇಲೆ ವಿಲ್ಯಾನ್ ಸಂಖ್ಯೆಯ ಗುರುತಿಲ್ಲದೆ). ಪಿವಿಐಡಿಯೂ (ಗುರುತಿಲ್ಲದೆ ಒಳಬಂದ ಡೇಟಾ ಸೇರುವ ವಿಲ್ಯಾನ್) ಅದೇ ಸಂಖ್ಯೆ. ರೌಟರ್‌ಗೆ ಹೋಗುವ ಪೋರ್ಟ್ ಮತ್ತು ಎರಡು ಸ್ವಿಚ್ ನಡುವಿನ ಪೋರ್ಟ್ ಮೂರು ವಿಲ್ಯಾನ್‌ಗೂ ಟ್ಯಾಗ್ಡ್ (ಗುರುತಿನೊಂದಿಗೆ). ಆಕ್ಸೆಸ್ ಪಾಯಿಂಟ್ ಪೋರ್ಟ್‌ನಲ್ಲಿ 30 ಮತ್ತು ಸಿಬ್ಬಂದಿ ವೈಫೈಗೆ 10 ಟ್ಯಾಗ್ಡ್. ಎನ್‌ವಿಆರ್ 20ರಲ್ಲೇ ಇರಲಿ, ರೆಕಾರ್ಡಿಂಗ್ ರೌಟರ್ ಮೂಲಕ ಸುತ್ತಿ ಬರಬಾರದು. ಇಲ್ಲಿ ಎಡವುವ ಜಾಗ ಮೂರು. ಇಂಟರ್‌ನೆಟ್‌ನವರು ಕೊಟ್ಟ ಪೆಟ್ಟಿಗೆಗೆ ಹಲವು ಸಲ ಒಳಗಿನ ವಿಲ್ಯಾನ್ ಅರ್ಥವಾಗುವುದಿಲ್ಲ, ಬೇರೆ ರೌಟರ್ ಬೇಕಾಗುತ್ತದೆ. ನೀವು ಕೂತಿರುವ ಪೋರ್ಟ್‌ನ ಪಿವಿಐಡಿಯನ್ನೇ ಬದಲಿಸಿದರೆ ಸ್ವಿಚ್‌ನ ಪುಟ ಕೈತಪ್ಪಿ ಹೋಗುತ್ತದೆ. ಕೆಲಸ ಮುಗಿಯುವವರೆಗೆ ಒಂದು ಪೋರ್ಟನ್ನು ವಿಲ್ಯಾನ್ 1ರಲ್ಲೇ ಉಳಿಸಿಕೊಳ್ಳಿ. ಮೂರನೆಯದು, ‘ಅಪ್ಲೈ’ ಒತ್ತಿ ‘ಸೇವ್’ ಒತ್ತದೆ ಎದ್ದುಬರುವುದು. ಅನೇಕ ಸ್ವಿಚ್‌ಗಳಲ್ಲಿ ಇವೆರಡೂ ಬೇರೆ. ಮೊದಲ ಸಲ ಕರೆಂಟ್ ಹೋಗಿ ಬಂದಾಗ ಮಾಡಿದ್ದೆಲ್ಲ ಅಳಿಸಿಹೋಗಿರುತ್ತದೆ. ಸೇವ್ ಮಾಡಿ, ಸೆಟ್ಟಿಂಗ್ ಫೈಲಿನ ಒಂದು ಪ್ರತಿಯನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಡೀಲರ್ ಎದುರಿಗೇ ಪ್ಲಗ್ ಕಿತ್ತು ಹಾಕಿ ನೋಡಿ.

ಟಿಪಿ-ಲಿಂಕ್, ಡಿ-ಲಿಂಕ್, ನೆಟ್‌ಗಿಯರ್, ಅರೂಬಾ, ಸಿಸ್ಕೊ ಎಲ್ಲರಲ್ಲೂ ಈ ದರ್ಜೆಯ ಸ್ವಿಚ್ ಇದೆ. ಡೀಲರನ್ನು ಕೇಳಬೇಕಾದ್ದು: ವಾರಂಟಿ ಎಷ್ಟು ವರ್ಷ, ಪವರ್ ಸಪ್ಲೈಗೂ ಅದೇ ವಾರಂಟಿಯೇ, ಕೆಟ್ಟರೆ ಬದಲಿ ಬರುವವರೆಗೆ ಏನು ವ್ಯವಸ್ಥೆ, ಕ್ಲೌಡ್ ಚಂದಾ ಕಟ್ಟದೆಯೂ ಸೆಟ್ಟಿಂಗ್ ತೆರೆಯುತ್ತದೆಯೇ. ಉತ್ತರವನ್ನು ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ. ಮತ್ತೆ, ಮಂಡಿಯ ಧೂಳು ಫ್ಯಾನ್ ಇರುವ ಸ್ವಿಚ್‌ಗೆ ಶತ್ರು. ಮೂಟೆ ಸುರಿಯುವ ಕಡೆಯಿಂದ ದೂರ, ಗೋಡೆಯ ರ‍್ಯಾಕ್‌ನಲ್ಲಿ ಇಟ್ಟು ಮೂರು ತಿಂಗಳಿಗೊಮ್ಮೆ ಆಫ್ ಮಾಡಿ ಬ್ಲೋಯರ್ ಹಿಡಿಯಿರಿ.

ಪ್ರಶ್ನೆ: ತೀರ್ಥಹಳ್ಳಿ–ಆಗುಂಬೆ ರಸ್ತೆಯಲ್ಲಿ ನಮ್ಮ ಹೋಂಸ್ಟೇ. ಮನೆಯಿಂದ ಮೂರು ಕಾಟೇಜಿಗೆ 60, 90 ಮತ್ತು 140 ಮೀಟರ್ ಕ್ಯಾಟ್ 6 ಕೇಬಲ್ ಎಳೆದಿದ್ದೇವೆ. ಪ್ರತಿ ವರ್ಷ ಏಪ್ರಿಲ್–ಮೇ ಗುಡುಗಿಗೆ ಸ್ವಿಚ್‌ನ ಪೋರ್ಟ್ ಸುಡುತ್ತವೆ. ಸಿಡಿಲು ತಡೆಯುವ ಸ್ವಿಚ್ ಯಾವ ಕಂಪನಿಯದು?

ಯಾವ ಕಂಪನಿಯದೂ ಇಲ್ಲ. ಕಟ್ಟಡದಿಂದ ಕಟ್ಟಡಕ್ಕೆ ತಾಮ್ರದ ತಂತಿ ಇರುವವರೆಗೂ ಇದು ನಿಲ್ಲುವುದಿಲ್ಲ. ಸಿಡಿಲು ನೇರ ಕೇಬಲ್‌ಗೇ ಹೊಡೆಯಬೇಕೆಂದಿಲ್ಲ. ಹತ್ತಿರದ ಮರಕ್ಕೆ ಬಿದ್ದರೂ ಮನೆಯ ಅರ್ತ್ ಮತ್ತು ಕಾಟೇಜಿನ ಅರ್ತ್ ನಡುವೆ ಒಂದು ಕ್ಷಣ ಸಾವಿರಾರು ವೋಲ್ಟ್ ವ್ಯತ್ಯಾಸ ಏಳುತ್ತದೆ. ಆ ಎರಡನ್ನೂ ಜೋಡಿಸಿರುವುದು ನಿಮ್ಮ ಕೇಬಲ್. ಈಥರ್‌ನೆಟ್ ಪೋರ್ಟ್‌ನೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್‌ಗೆ ತಾಳುವಂತೆ ನಿಗದಿಯಾಗಿರುವುದು 1500 ವೋಲ್ಟ್. ಅದನ್ನು ಮೀರಿದರೆ ಪೋರ್ಟ್ ಹೋಯಿತು.

ಫೈಬರ್ ಎಳೆಸಿ. ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ನಿಮ್ಮ 140 ಮೀಟರ್‌ನ ಕಾಟೇಜಿಗೂ ಇದೇ ದಾರಿ, ತಾಮ್ರದ ಮಿತಿ 100 ಮೀಟರ್. ಬೇಕಾಗುವುದು 4 ಕೋರ್ (ಗಾಜಿನ ಎಳೆ) ಸಿಂಗಲ್-ಮೋಡ್ ಹೊರಾಂಗಣ ಕೇಬಲ್. ಕಳಿಸುವುದು, ಕೇಳುವುದು ಎರಡನ್ನೂ ಒಂದೇ ಎಳೆಯಲ್ಲಿ ಮಾಡುವ ಬೈಡಿ ಮಾಡ್ಯೂಲ್ ಅನ್ನು ಎಸ್‌ಎಫ್‌ಪಿ ಬಾಯಿಗೆ ಹಾಕಿದರೆ ಒಂದೇ ಕೋರ್ ಸಾಕು, ಉಳಿದ ಮೂರು ಮುಂದಕ್ಕೆ. ಕೇಬಲ್ ಕೊಳ್ಳುವಾಗ ‘ಒಳಗೆ ಲೋಹ ಇದೆಯೇ’ ಎಂದು ಕೇಳಲೇಬೇಕು. ಮನೆಗಳಿಗೆ ಎಳೆಯುವ ಚಪ್ಪಟೆ ಡ್ರಾಪ್ ಕೇಬಲ್‌ನಲ್ಲಿ ಭಾರ ಹೊರಲು ಉಕ್ಕಿನ ತಂತಿ ಇರುತ್ತದೆ, ಆರ್ಮರ್ಡ್ ಕೇಬಲ್‌ನಲ್ಲಿ ಉಕ್ಕಿನ ಪಟ್ಟಿ ಇರುತ್ತದೆ. ಅವು ಬಂದರೆ ಸಿಡಿಲಿಗೆ ಮತ್ತೆ ದಾರಿ ಸಿಕ್ಕಂತೆ. ಲೋಹವಿಲ್ಲದ ಕೇಬಲ್ಲನ್ನು ಎಚ್‌ಡಿಪಿಇ ಪೈಪಿನೊಳಗೆ ಹೂತು ಹಾಕಿ. ಮಂಗ, ಇಲಿ ಎರಡರಿಂದಲೂ ಬಚಾವು. ಪೈಪಿನ ಎರಡೂ ಬಾಯಿ ಮುಚ್ಚದಿದ್ದರೆ ಇರುವೆ ಮತ್ತು ನೀರು ತುಂಬುತ್ತವೆ.

ಮನೆಯ ಸ್ವಿಚ್‌ನಲ್ಲಿ ಕನಿಷ್ಠ 3 ಎಸ್‌ಎಫ್‌ಪಿ ಇರಬೇಕು, ಅಂದರೆ 4 ಇರುವ ಮಾದರಿ ನೋಡಿ. 8 ಪೋರ್ಟ್‌ನವಕ್ಕೆ ಸಾಮಾನ್ಯವಾಗಿ 2 ಮಾತ್ರ. ಮಾಡ್ಯೂಲ್ ಜೋಡಿಯಾಗಿ ತರಬೇಕು: ಒಂದು ಕಡೆಯದು 1310 ನ್ಯಾನೊಮೀಟರ್‌ನಲ್ಲಿ ಕಳಿಸಿ 1550ರಲ್ಲಿ ಕೇಳಿದರೆ ಇನ್ನೊಂದು ಕಡೆಯದು ತಿರುಗುಮುರುಗು. ಎರಡೂ ಒಂದೇ ಥರದ್ದು ಚುಚ್ಚಿದರೆ ಲಿಂಕ್ ದೀಪ ಹತ್ತುವುದಿಲ್ಲ. 10 ಅಥವಾ 20 ಕಿಲೋಮೀಟರ್‌ನವು ಸಾಕು. ‘ದೂರ ಹೆಚ್ಚಿದ್ದಷ್ಟೂ ಒಳ್ಳೆಯದು’ ಎಂದು 80 ಕಿಲೋಮೀಟರ್‌ನದು ತಂದರೆ ಇಷ್ಟು ಹತ್ತಿರದಲ್ಲಿ ಬೆಳಕು ಅತಿಯಾಗಿ ರಿಸೀವರ್ ಕೆಡಬಹುದು.

ಊರಿನ ಕೇಬಲ್‌ನವರಿಂದ ಸ್ಪ್ಲೈಸ್ (ಫೈಬರ್‌ಗೆ ತುದಿಯ ಬೆಸುಗೆ) ಮಾಡಿಸುವಾಗ ತುದಿಯ ಬಣ್ಣ ನೋಡಿ. ಅವರ ಬಳಿ ಇರುವುದು ಹೆಚ್ಚಾಗಿ ಹಸಿರು, ಅಂದರೆ ಎಪಿಸಿ. ಎಸ್‌ಎಫ್‌ಪಿಗೆ ಬೇಕಾದ್ದು ನೀಲಿ ಎಲ್‌ಸಿ ಯುಪಿಸಿ. ಹಸಿರು ತುದಿಯನ್ನು ಓರೆಯಾಗಿ ಉಜ್ಜಿರುತ್ತಾರೆ, ನೀಲಿಯೊಂದಿಗೆ ಮುಖಕ್ಕೆ ಮುಖ ಕೂರುವುದಿಲ್ಲ. ಬೆಳಕು ನಷ್ಟವಾಗುವುದಲ್ಲದೆ ತುದಿಗೂ ಗೀರು ಬೀಳಬಹುದು.

ಫೈಬರ್ ಹಾಕಿದ ಮೇಲೂ ಕರೆಂಟ್ ಲೈನ್‌ನಿಂದ ಸಿಡಿಲು ಒಳಬರುತ್ತದೆ. ಮನೆ, ಕಾಟೇಜ್ ಎರಡರ ಡಿಸ್ಟ್ರಿಬ್ಯೂಷನ್ ಬೋರ್ಡ್‌ನಲ್ಲೂ ಸರ್ಜ್ ಪ್ರೊಟೆಕ್ಟರ್ ಕೂರಿಸಿ, ಅದರ ಅರ್ತ್ ತಂತಿ ಗಿಡ್ಡವಾಗಿ ನೇರವಾಗಿ ಇರಲಿ. ಅರ್ತ್ ಇಲ್ಲದ ಸರ್ಜ್ ಪ್ರೊಟೆಕ್ಟರ್ ಇದ್ದೂ ಇಲ್ಲದ ಹಾಗೆ.

ಪ್ರಶ್ನೆ: ಶಿವಮೊಗ್ಗ ದುರ್ಗಿಗುಡಿಯಲ್ಲಿ ಬಟ್ಟೆ ಅಂಗಡಿ. ಇದ್ದಕ್ಕಿದ್ದಂತೆ ಎಲ್ಲಾ ಕಂಪ್ಯೂಟರ್ ನಿಂತುಹೋಗುತ್ತವೆ, ಸ್ವಿಚ್‌ನ ದೀಪಗಳೆಲ್ಲ ಒಟ್ಟಿಗೆ ಮಿಟುಕುತ್ತವೆ. ಆಫ್ ಮಾಡಿ ಆನ್ ಮಾಡಿದರೂ ಸ್ವಲ್ಪ ಹೊತ್ತಿಗೆ ಮತ್ತೆ ಅದೇ.

ಇದು ಲೂಪ್. ಯಾರೋ ಗುಡಿಸುವಾಗ ಕಿತ್ತುಬಂದ ಕೇಬಲ್‌ನ ಎರಡೂ ತುದಿಯನ್ನು ಒಂದೇ ಸ್ವಿಚ್‌ಗೆ, ಅಥವಾ ಒಂದಕ್ಕೊಂದು ಜೋಡಿಸಿದ ಎರಡು ಸ್ವಿಚ್‌ಗೆ ಚುಚ್ಚಿರುತ್ತಾರೆ. ಸುತ್ತು ಬಿದ್ದ ದಾರಿಯಲ್ಲಿ ಬ್ರಾಡ್‌ಕಾಸ್ಟ್ ಪ್ಯಾಕೆಟ್‌ಗಳು (ಎಲ್ಲಾ ಸಾಧನಗಳಿಗೂ ಹೋಗುವ ಡೇಟಾ ತುಣುಕುಗಳು) ಕೊನೆಯಿಲ್ಲದೆ ಸುತ್ತಿ ಬೇರೇನಕ್ಕೂ ಜಾಗ ಬಿಡುವುದಿಲ್ಲ. ಆನ್ ಇಟ್ಟುಕೊಂಡೇ ಕೇಬಲ್‌ಗಳನ್ನು ಒಂದೊಂದಾಗಿ ಕೀಳಿ. ಯಾವುದನ್ನು ಕಿತ್ತ ತಕ್ಷಣ ಮಿಟುಕಾಟ ಇಳಿಯಿತೋ ಅದೇ ಕಳ್ಳ ಕೇಬಲ್. ಮುಂದೆ ಕೊಳ್ಳುವಾಗ ಆರ್‌ಎಸ್‌ಟಿಪಿ ಇರುವ ಸ್ಮಾರ್ಟ್ ಸ್ವಿಚ್ ಕೊಳ್ಳಿ, ಅದು ಸುತ್ತನ್ನು ಪತ್ತೆಹಚ್ಚಿ ತಾನೇ ಒಂದು ಪೋರ್ಟ್ ಮುಚ್ಚುತ್ತದೆ. ಕೆಲವು ಮಾದರಿಗಳಲ್ಲಿ ಇದು ಆಫ್ ಆಗಿ ಬರುತ್ತದೆ, ಆನ್ ಮಾಡಬೇಕು.

ಪ್ರಶ್ನೆ: ಹೊಸನಗರದ ನಮ್ಮ ಕಚೇರಿಗೆ ಗಿಗಾಬಿಟ್ ಸ್ವಿಚ್ ಹಾಕಿದ ಮೇಲೂ ಎರಡು ಕಂಪ್ಯೂಟರ್ 100 ಎಂಬಿಪಿಎಸ್ ಎಂದೇ ತೋರಿಸುತ್ತವೆ. ಸ್ವಿಚ್ ಕೆಟ್ಟಿದೆಯೇ?

ಹೆಚ್ಚಾಗಿ ಕೇಬಲ್ ಕೆಟ್ಟಿರುತ್ತದೆ. 100 ಎಂಬಿಪಿಎಸ್‌ಗೆ 1, 2, 3, 6ನೇ ತಂತಿ ಸಾಕು; ಗಿಗಾಬಿಟ್‌ಗೆ ಎಂಟೂ ಬೇಕು. ನೀಲಿ ಅಥವಾ ಕಂದು ಜೋಡಿಯಲ್ಲಿ ಒಂದು ತಂತಿ ಬಿಟ್ಟಿದ್ದರೂ ವೇಗ ಇಳಿಯುತ್ತದೆ. ಎರಡೂ ತುದಿ ಕತ್ತರಿಸಿ ಹೊಸ ಕನೆಕ್ಟರ್ ಕ್ರಿಂಪ್ ಮಾಡಿಸಿ. ಹಾಗೆ ಕತ್ತರಿಸಿದ ತುಂಡಿನ ಒಂದು ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ: ಕೆಂಪು ಮೇಲ್ಮೈಯ ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ತುಕ್ಕು ಹಿಡಿಯುತ್ತದೆ, ಮುರಿಯುತ್ತದೆ, ಪಿಒಇಯಲ್ಲಿ ಬಿಸಿಯಾಗುತ್ತದೆ. ಅಂಥ ಕೇಬಲ್ ತೆಗೆಸಿಯೇ ಬಿಡಿ.

ಪ್ರಶ್ನೆ: ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ದೊಡ್ಡ ಕಂಪನಿಯ ಹಳೆಯ 48 ಪೋರ್ಟ್ ಸ್ವಿಚ್ ಅಗ್ಗಕ್ಕೆ ಸಿಗುತ್ತಿದೆ. ಆಟೋ ಕಾಂಪ್ಲೆಕ್ಸ್‌ನ ನಮ್ಮ ವರ್ಕ್‌ಶಾಪ್‌ಗೆ ತರಬಹುದೇ?

ಕೊಳ್ಳುವ ಮೊದಲು ಎರಡು ವಿಷಯ ನೋಡಿ. ಆ ಮಾದರಿಗೆ ಕಂಪನಿ ಇನ್ನೂ ಸಾಫ್ಟ್‌ವೇರ್ ಅಪ್‌ಡೇಟ್ ಕೊಡುತ್ತಿದೆಯೇ? ಇಲ್ಲವಾದರೆ ಭದ್ರತೆಯ ಲೋಪಗಳು ಹಾಗೆಯೇ ಉಳಿಯುತ್ತವೆ. ಎರಡನೆಯದು ಕರೆಂಟ್. 80 ವ್ಯಾಟ್ ಎಳೆಯುವ ಸ್ವಿಚ್ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 57 ಯೂನಿಟ್ ದಾಟುತ್ತದೆ. ಹತ್ತು ಹನ್ನೆರಡು ಸಾಧನಕ್ಕೆ ಹೊಸ 16 ಪೋರ್ಟ್‌ನ ಫ್ಯಾನಿಲ್ಲದ ಸ್ವಿಚ್ ತನ್ನಿ, ಸದ್ದೂ ಇರುವುದಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಅತಿಥಿಗಳಿಲ್ಲದ ಎರಡು ತಿಂಗಳು ಕಾಟೇಜಿನ ಸ್ವಿಚ್ ಆಫ್ ಮಾಡಿಡುವುದು ಒಳ್ಳೆಯದಲ್ಲವೇ?

ಸರ್ಜ್ ಪ್ರೊಟೆಕ್ಟರ್ ಮತ್ತು ಅರ್ತ್ ಸರಿಯಿದ್ದರೆ ಆನ್ ಇರುವುದೇ ಒಳ್ಳೆಯದು. ಓಡುತ್ತಿರುವ ಸ್ವಿಚ್‌ನ ಒಳಗಿನ ಬಿಸಿ ತೇವವನ್ನು ಹತ್ತಿರ ಬಿಡುವುದಿಲ್ಲ. ಆಫ್ ಆಗಿ ತಣ್ಣಗೆ ಕೂತದ್ದಕ್ಕೆ ಪೋರ್ಟ್‌ನ ಪಿನ್‌ಗಳಲ್ಲಿ ಹಸಿರು ಕಿಲುಬು ಹತ್ತುತ್ತದೆ. ಆಫ್ ಮಾಡಲೇಬೇಕಿದ್ದರೆ ಕೇಬಲ್ ಕಿತ್ತು, ಸ್ವಿಚ್ಚನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು ಮನೆಗೆ ತನ್ನಿ. ಗೋಡೆಯಲ್ಲಿ ಉಳಿದ ಕೇಬಲ್ ತುದಿಗೆ ರಬ್ಬರ್ ಕ್ಯಾಪ್ ಹಾಕಿ. ಖಾಲಿ ಪೋರ್ಟ್‌ಗಳಿಗೂ ಎಸ್‌ಎಫ್‌ಪಿ ಬಾಯಿಗಳಿಗೂ ಮುಚ್ಚಳ ಸಿಗುತ್ತದೆ, ಆನ್ ಇದ್ದರೂ ಹಾಕಿಡಿ.